ಲಂಡನ್ನಿನಲ್ಲಿ ಅಚ್ಚಾದ ನಮ್ಮ ಹಾಲಿ ನೋಟು

(ಹುಣಸಗಿಯಲ್ಲಿ ನಡೆದ ಸಂಸ್ಥೆಯ ವಾರ್ಷಿಕ ಸಮಾರಂಭದಲ್ಲಿ ವಿದ್ಯಾರ್ಥಿಗಳನ್ನು ಉದ್ದೇಶಿಸಿ ಮಾಡಿದ ಭಾಷಣ)



ಕಾರ್ಯದರ್ಶಿಗಳು ನನಗೆ ಕೊಟ್ಟ ವಿಷಯ 'ಬ್ರಿಟನ್ನಿನ ನೋಟುಗಳ ಇತಿಹಾಸ ಮತ್ತು ವಿನ್ಯಾಸ'. ವಾಣಿಜ್ಯ ವಿಭಾಗದ ಮಕ್ಕಳಿಗೆ ಉಪಯೋಗವಾಗುತ್ತದೆ ಎಂದರು. ನಾನು ಉರ್ದು ಮತ್ತು ಕನ್ನಡ ಕಲಿಸುವ ಮೇಷ್ಟ್ರು, ಅರ್ಥಶಾಸ್ತ್ರದವನಲ್ಲ. ನೋಟು ಕೈಗೆ ಬಂದರೆ ನನ್ನ ಕಣ್ಣು ಮೊದಲು ಹೋಗುವುದು ಅದರ ಬೆಲೆಯ ಕಡೆಗಲ್ಲ, ಅದರ ಮೇಲಿನ ಅಕ್ಷರಗಳ ಕಡೆಗೆ. ಆದ್ದರಿಂದ ಈ ನೋಟನ್ನು ಯಾರು ಓದಬಲ್ಲರು ಎಂಬ ಒಂದೇ ಪ್ರಶ್ನೆ ಹಿಡಿದು ಮಾತನಾಡುತ್ತೇನೆ. ಬ್ರಿಟನ್ನಿಗೂ ಹೋಗೋಣ, ಆದರೆ ಹೊರಡುವುದು ಹುಣಸಗಿಯಿಂದಲೇ.

ಇಲ್ಲಿಂದ ತಾಳಿಕೋಟಿಗೆ ಬಸ್ಸಿನಲ್ಲಿ ಹೋಗುವಾಗ ನಿಮಗೆ ಯಾವ ಗಡಿಯೂ ಕಾಣುವುದಿಲ್ಲ. ನಿಮ್ಮ ಮುತ್ತಜ್ಜನ ಕಾಲದಲ್ಲಿ ಅಲ್ಲಿ ಒಂದು ಗಡಿ ಇತ್ತು. ಹುಣಸಗಿ ಸುರಪುರ ಸೀಮೆಯ ಊರು, ಗುಲ್ಬರ್ಗಾ ಜಿಲ್ಲೆಯೊಳಗೆ, ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ತಾಳಿಕೋಟಿ ಬಿಜಾಪುರ ಜಿಲ್ಲೆಗೆ ಸೇರಿ ಮುಂಬೈ ಪ್ರಾಂತ್ಯದಲ್ಲಿ, ಅಂದರೆ ನೇರವಾಗಿ ಇಂಗ್ಲಿಷರ ಆಡಳಿತದಲ್ಲಿತ್ತು. ಎರಡೂ ಕಡೆ ಅದೇ ಮಾತು, ಅದೇ ಜೋಳದ ರೊಟ್ಟಿ, ಬೀಗತನವೂ ಇತ್ತು. ರೂಪಾಯಿ ಮಾತ್ರ ಬೇರೆ. ಈ ಕಡೆಯದು 'ಹಾಲಿ', ಆ ಕಡೆಯದು 'ಕಲ್ದಾರ್'.

ಈ ಎರಡು ಶಬ್ದಗಳನ್ನು ಸ್ವಲ್ಪ ಬಿಡಿಸಿ ನೋಡೋಣ. ಕಲ್ ಎಂದರೆ ಯಂತ್ರ. ಯಂತ್ರದಲ್ಲಿ ಅಚ್ಚಾದ ಇಂಗ್ಲಿಷ್ ರೂಪಾಯಿ ಕಲ್ದಾರ್. ಹಾಲ್ ಎಂದರೆ ಈಗಿನ ಸ್ಥಿತಿ. ಈಗ ನಡೆಯುತ್ತಿರುವ ನಾಣ್ಯ ಹಾಲಿ ಸಿಕ್ಕಾ. ಕನ್ನಡ ಪತ್ರಿಕೆಗಳಲ್ಲಿ ನೀವು ದಿನವೂ 'ಹಾಲಿ ಶಾಸಕರು', 'ಮಾಜಿ ಶಾಸಕರು' ಎಂದು ಓದುತ್ತೀರಲ್ಲ, ಅದೇ ಹಾಲಿ. ಪಾಪ, ಹಾಲಿ ಸಿಕ್ಕಾ ಮಾಜಿಯಾಗಿ ಅರವತ್ತು ವರ್ಷದ ಮೇಲಾಯಿತು, ಹೆಸರು ಮಾತ್ರ ಇನ್ನೂ ಹಾಲಿ!

1857ರ ಹೋರಾಟದವರೆಗೆ ಹೈದರಾಬಾದಿನ ನಾಣ್ಯಗಳ ಮೇಲೆ ದಿಲ್ಲಿಯ ಮೊಘಲ್ ಬಾದಶಹರ ಹೆಸರಿತ್ತು. ಬಾದಶಾಹಿಯೇ ಹೋದ ಮೇಲೆ ನಿಜಾಮರ ಬಿರುದು ಬಂತು. 20ನೇ ಶತಮಾನದ ಆರಂಭದಲ್ಲಿ ಹೈದರಾಬಾದಿನಲ್ಲೂ ಯಂತ್ರದ ನಾಣ್ಯ ಬಂದು, ಅದರ ಮೇಲೆ ಚಾರ್ ಮಿನಾರ್ ಮೂಡಿತು. ಆ ನಾಣ್ಯ ಯಾರ ಮನೆಯಲ್ಲಾದರೂ ಇದ್ದರೆ ಭೂತಗನ್ನಡಿ ಹಿಡಿದು ನೋಡಿ. ಚಾರ್ ಮಿನಾರಿನ ಬಾಗಿಲ ಕಮಾನಿನೊಳಗೆ ಒಂದೇ ಒಂದು ಅಕ್ಷರ ಇರುತ್ತದೆ. 'ಮೀಮ್' ಇದ್ದರೆ ಆರನೇ ನಿಜಾಮ ಮೆಹಬೂಬ್ ಅಲಿ ಖಾನ್ ಅವರದು, 'ಐನ್' ಇದ್ದರೆ ಏಳನೆಯ ನಿಜಾಮ ಉಸ್ಮಾನ್ ಅಲಿ ಖಾನ್ ಅವರದು. ರಾಜನ ಮುಖ ಬೇಡ, ಅವನ ಹೆಸರಿನ ಮೊದಲ ಅಕ್ಷರ ಸಾಕು. ನಾಣ್ಯದ ಮೇಲೆ 92 ಎಂಬ ಅಂಕಿಯೂ ಕಾಣುತ್ತದೆ. ಕೆಲವರು ಇದನ್ನು ಇಸವಿ ಎಂದುಕೊಳ್ಳುತ್ತಾರೆ. ಅಬ್ಜದ್ ಲೆಕ್ಕ ಕಲಿತ ಮಕ್ಕಳು ಈಗಲೇ ಕೂಡಿಸಲಿ: ಮೀಮ್ 40, ಹೇ 8, ಮತ್ತೆ ಮೀಮ್ 40, ದಾಲ್ 4. ಒಟ್ಟು 92. ಅದು ಪ್ರವಾದಿಯವರ ಪವಿತ್ರ ನಾಮದ ಸಂಖ್ಯೆ. ಹೆಸರನ್ನು ಬರೆಯದೆ ಹೆಸರನ್ನು ಇಟ್ಟ ರೀತಿ ಇದು. ನಾಣ್ಯವೂ ಓದಬೇಕಾದ ಪುಸ್ತಕವೇ ಎಂದು ನಾನು ಹೇಳುವುದು ಇದಕ್ಕಾಗಿ.

ಈಗ ಕಾಗದದ ಹಣಕ್ಕೆ ಬರೋಣ. ಅದಕ್ಕೆ ಲಂಡನ್ನಿಗೆ ಹೋಗಬೇಕು.

ಬ್ಯಾಂಕ್ ಆಫ್ ಇಂಗ್ಲೆಂಡ್ ಸ್ಥಾಪನೆಯಾದದ್ದು 1694ರಲ್ಲಿ, ಫ್ರಾನ್ಸಿನ ಮೇಲಿನ ಯುದ್ಧಕ್ಕೆ ಹಣ ಕೂಡಿಸಲು. ಅಂದಿನ ನೋಟು ಎಂದರೆ ಕೈಯಿಂದ ಬರೆದ ಒಂದು ಚೀಟಿ: ಇದನ್ನು ತಂದವರಿಗೆ ಇಷ್ಟು ಹಣ ಕೊಡುತ್ತೇವೆ ಎಂಬ ಮಾತು, ಕೆಳಗೆ ಕ್ಯಾಷಿಯರನ ರುಜು. ನಮ್ಮ ಸಾಹುಕಾರರ ಹುಂಡಿಯ ಹಾಗೆಯೇ ಇತ್ತು ಎನ್ನಿ. ಮುಂದೆ ಅಚ್ಚಿನ ನೋಟು ಬಂದರೂ ಬಿಳಿ ಕಾಗದ, ಕಪ್ಪು ಮಸಿ, ಒಂದೇ ಬದಿ. 5 ಪೌಂಡಿನ ಆ ಬಿಳಿ ನೋಟು ಇಂಗ್ಲೆಂಡಿನಲ್ಲಿ 1950ರ ದಶಕದವರೆಗೂ ನಡೆಯಿತು ಎಂದರೆ ನಂಬುತ್ತೀರಾ? ಬಹುಕಾಲ ಈ ನೋಟುಗಳು ದೊಡ್ಡ ಮೊತ್ತದವು. ವ್ಯಾಪಾರಿಗಳು, ಜಮೀನುದಾರರು ಮಾತ್ರ ಕಾಣುತ್ತಿದ್ದರು. ಕೂಲಿಯವನ ಕೈಗೆ ನಾಣ್ಯವೇ.

1797ರಲ್ಲಿ ಮತ್ತೆ ಫ್ರಾನ್ಸಿನ ಯುದ್ಧ. ಚಿನ್ನ ಕೊಡುವುದನ್ನು ಬ್ಯಾಂಕು ನಿಲ್ಲಿಸಿ, 1 ಮತ್ತು 2 ಪೌಂಡಿನ ಚಿಕ್ಕ ನೋಟುಗಳನ್ನು ಹೊರತಂದಿತು. ಜೀವನದಲ್ಲಿ ಮೊದಲ ಬಾರಿಗೆ ಬಡವರು, ಓದು ಬಾರದವರು ನೋಟು ಮುಟ್ಟಿದರು. ಆ ನೋಟುಗಳ ವಿನ್ಯಾಸವೋ ಅತ್ಯಂತ ಸರಳ. ತಾಮ್ರದ ತಗಡು ಕೆತ್ತಬಲ್ಲ ಯಾರಾದರೂ ನಕಲು ಮಾಡಬಹುದಿತ್ತು. ಖೋಟಾ ನೋಟು ಮಾಡಿದವನಿಗೂ, ತಿಳಿದು ಚಲಾಯಿಸಿದವನಿಗೂ ಗಲ್ಲು; ಇಟ್ಟುಕೊಂಡವನಿಗೆ ಕಡಲಾಚೆಗೆ ಗಡೀಪಾರು. ಮುಂದಿನ ಎರಡು ದಶಕಗಳಲ್ಲಿ ಮುನ್ನೂರಕ್ಕೂ ಹೆಚ್ಚು ಜನರನ್ನು ನೇಣಿಗೇರಿಸಿದರು. ಅವರಲ್ಲಿ ಹೆಂಗಸರೂ ಇದ್ದರು, ಸಣ್ಣಪುಟ್ಟ ಅಂಗಡಿಗಳಲ್ಲಿ ನೋಟು ಮುರಿಸಲು ಹೋಗಿ ಸಿಕ್ಕಿಬಿದ್ದವರು. ಇದನ್ನು ಕಂಡು ರೋಸಿದ ಜಾರ್ಜ್ ಕ್ರುಯಿಕ್‌ಷ್ಯಾಂಕ್ ಎಂಬ ವ್ಯಂಗ್ಯಚಿತ್ರಕಾರ 1819ರಲ್ಲಿ ಒಂದು ಅಣಕು ನೋಟು ಬರೆದ. ಅಲಂಕಾರದ ಬದಲು ಅದರಲ್ಲಿ ಸಾಲಾಗಿ ನೇತಾಡುವ ಹೆಣಗಳು. ಜನ ಮುಗಿಬಿದ್ದು ಕೊಂಡರು. ಖೋಟಾ ನೋಟಿಗೆ ಮರಣದಂಡನೆ ರದ್ದಾದದ್ದು 1830ರ ದಶಕದಲ್ಲಿ.

ನೋಟಿನ ವಿನ್ಯಾಸ ಎಂದರೆ ಬರೀ ಅಂದಚಂದ ಎಂದು ಕೆಲವರು ತಿಳಿದಿರುತ್ತಾರೆ. ಕೆಟ್ಟ ವಿನ್ಯಾಸದ ಒಂದು ನೋಟು ಓದು ಬಾರದವರ ಕೊರಳಿಗೆ ಹಗ್ಗವಾದದ್ದೂ ಇದೆ ಎಂಬುದು ನಿಮ್ಮ ಗಮನದಲ್ಲಿರಲಿ.

ಇಂಗ್ಲೆಂಡಿನಲ್ಲಿ ಚಿಕ್ಕ ನೋಟು ಮತ್ತೆ ಬಂದದ್ದು ಒಂದನೇ ಮಹಾಯುದ್ಧಕ್ಕೆ. 1914ರ ಆಗಸ್ಟ್‌ನಲ್ಲಿ ಸರ್ಕಾರವೇ 1 ಪೌಂಡ್ ಮತ್ತು 10 ಶಿಲ್ಲಿಂಗ್ ನೋಟುಗಳನ್ನು ಎಷ್ಟು ಅವಸರದಲ್ಲಿ ತಂದಿತೆಂದರೆ, ಮೊದಲ ನೋಟುಗಳನ್ನು ಅಂಚೆ ಚೀಟಿಯ ಕಾಗದದ ಮೇಲೆ ಅಚ್ಚು ಹಾಕಿಸಿದರು. ಐದನೇ ಜಾರ್ಜ್ ದೊರೆಯ ಮುಖ ಇದ್ದದ್ದು ಈ ಸರ್ಕಾರಿ ನೋಟುಗಳ ಮೇಲೆ. ಬ್ಯಾಂಕ್ ಆಫ್ ಇಂಗ್ಲೆಂಡಿನ ಸ್ವಂತ ನೋಟಿನ ಮೇಲೆ ರಾಜಮುಖ ಬಂದದ್ದು 1960ರಲ್ಲಿ, ಎಲಿಜಬೆತ್ ರಾಣಿಯದು. ಅದಕ್ಕೆ ಮೊದಲು 266 ವರ್ಷ ಆ ಬ್ಯಾಂಕಿನ ನೋಟಿನ ಮೇಲೆ ಯಾವ ರಾಜನೂ ಇರಲಿಲ್ಲ. 2016ರಿಂದ ಅಲ್ಲಿ ಪ್ಲಾಸ್ಟಿಕ್ಕಿನಂಥ ಪಾಲಿಮರ್ ನೋಟು, 2024ರಿಂದ ಚಾರ್ಲ್ಸ್ ದೊರೆಯ ಮುಖ. ಬ್ರಿಟನ್ನಿನ ಮಟ್ಟಿಗೆ ಇಷ್ಟು ಸಾಕು.

ಅದೇ ಯುದ್ಧ ನಮ್ಮ ಹಾಲಿಯನ್ನೂ ಮುಟ್ಟಿತು. ನಮ್ಮದು ಬೆಳ್ಳಿಯ ರೂಪಾಯಿ. ಯುದ್ಧದ ಖರ್ಚಿಗೆ ಲೋಕದ ಬೆಳ್ಳಿಯೆಲ್ಲ ಸೆಳೆದುಹೋಗಿ ಎಲ್ಲೆಡೆ ಕೊರತೆ. 1917ರ ನವೆಂಬರ್‌ನಲ್ಲಿ ಬ್ರಿಟಿಷ್ ಭಾರತ ಸರ್ಕಾರ ಮೊದಲ ಬಾರಿಗೆ 1 ರೂಪಾಯಿ ಕಾಗದದ ನೋಟು ಹೊರಡಿಸಬೇಕಾಯಿತು. ಹೈದರಾಬಾದ್ ಸರ್ಕಾರ ತನ್ನದೇ ನೋಟು ತರಬೇಕೆಂದು ಹಿಂದೆಯೂ ಯತ್ನಿಸಿತ್ತು, ಆದರೆ ದೇಶೀ ಸಂಸ್ಥಾನಗಳು ನೋಟು ಹೊರಡಿಸುವುದು ಇಂಗ್ಲಿಷರಿಗೆ ಇಷ್ಟವಿರಲಿಲ್ಲ. ಯುದ್ಧದಲ್ಲಿ ನಿಜಾಮರು ಮಾಡಿದ ಸಹಾಯ ಒಂದು ಕಡೆ, ಬೆಳ್ಳಿಯ ಬರ ಇನ್ನೊಂದು ಕಡೆ, 1918ರಲ್ಲಿ ಒಪ್ಪಿದರು. ಮೊದಲು 10 ಮತ್ತು 100 ರೂಪಾಯಿ, 1919ರಲ್ಲಿ 1 ಮತ್ತು 5, 1926ರಲ್ಲಿ 1000 ರೂಪಾಯಿ ನೋಟು. ಹೆಸರು 'ಉಸ್ಮಾನಿಯಾ ಸಿಕ್ಕಾ'. ಜನರ ಬಾಯಲ್ಲಿ ಮಾತ್ರ ಹಾಲಿಯೇ ಉಳಿಯಿತು.

ಅಚ್ಚು ಎಲ್ಲಿ? ಲಂಡನ್ನಿನ ವಾಟರ್ಲೋ ಅಂಡ್ ಸನ್ಸ್ ಮುದ್ರಣಾಲಯದಲ್ಲಿ. ನಾಸಿಕ್‌ನ ಇಂಡಿಯಾ ಸೆಕ್ಯೂರಿಟಿ ಪ್ರೆಸ್ ಬಂದ ಮೇಲೆ ಮುಂದಿನ ನೋಟುಗಳು ಅಲ್ಲಿ ಅಚ್ಚಾದವು. ಆದರೆ ಮೊದಲ ಕಾಲದಲ್ಲಿ ಹುಣಸಗಿಯ ಸಂತೆಯಲ್ಲಿ ಎಮ್ಮೆ ಕೊಳ್ಳಲು ಬೇಕಾದ ನೋಟು ಥೇಮ್ಸ್ ನದಿಯ ಊರಿನಿಂದ ಹಡಗು ಹತ್ತಿ ಬರಬೇಕಿತ್ತು.

ಆ ಹಡಗಿನ ಕಥೆ ಒಂದಿದೆ. ಸ್ವಲ್ಪ ಸಾವಕಾಶವಾಗಿ ಕೇಳಿ.

1922ರ ಮೇ 19ರಂದು 'ಈಜಿಪ್ಟ್' ಎಂಬ ಹಡಗು ಲಂಡನ್ನಿನ ಟಿಲ್ಬರಿ ಬಂದರಿನಿಂದ ಮುಂಬೈಗೆ ಹೊರಟಿತು. ಒಳಗಿನ ಭದ್ರ ಕೋಣೆಯಲ್ಲಿ ಹತ್ತು ಲಕ್ಷ ಪೌಂಡಿಗೂ ಮಿಗಿಲಾದ ಚಿನ್ನ, ಬೆಳ್ಳಿ. ಅದರ ಜೊತೆಗೆ ನಿಜಾಮ್ ಸರ್ಕಾರಕ್ಕೆಂದು ಅಚ್ಚಾದ ಹೊಸ ನೋಟುಗಳ ಕಟ್ಟುಗಳು. ಮರುದಿನ ಸಂಜೆ ಫ್ರಾನ್ಸಿನ ಪಶ್ಚಿಮದ ಮೂಲೆಯ ಬಳಿ ದಟ್ಟ ಮಂಜು. ಮಂಜಿನೊಳಗಿಂದ ಬಂದ 'ಸೇನ್' ಎಂಬ ಫ್ರೆಂಚ್ ಹಡಗು ಈಜಿಪ್ಟಿನ ಪಕ್ಕೆಗೆ ಗುದ್ದಿತು. ಇಪ್ಪತ್ತು ನಿಮಿಷದೊಳಗೆ ಹಡಗು ಮುಳುಗಿತು. 86 ಜನ ತೀರಿಕೊಂಡರು. ಹಡಗಿನ ಕೆಲಸಗಾರರಲ್ಲಿ ಬಹಳ ಮಂದಿ ನಮ್ಮ ದೇಶದ ಲಸ್ಕರುಗಳು.

ಹಡಗು ಬಿದ್ದದ್ದು ಸುಮಾರು 400 ಅಡಿ ಆಳದಲ್ಲಿ. ಆ ಆಳಕ್ಕೆ ಹೋಗಿ ಕೆಲಸ ಮಾಡಿದವರು ಅಂದು ಯಾರೂ ಇರಲಿಲ್ಲ. ಇಟಲಿಯ ಒಂದು ಕಂಪನಿ 'ಆರ್ಟಿಲಿಯೋ' ಎಂಬ ಹಡಗಿನಲ್ಲಿ ವರ್ಷಗಟ್ಟಲೆ ಸಮುದ್ರ ತಡಕಾಡಿ 1930ರಲ್ಲಿ ಜಾಗ ಪತ್ತೆ ಮಾಡಿತು. ಅದೇ ವರ್ಷ ಡಿಸೆಂಬರ್‌ನಲ್ಲಿ, ಮದ್ದುಗುಂಡು ತುಂಬಿ ಮುಳುಗಿದ್ದ ಬೇರೊಂದು ಹಡಗನ್ನು ಒಡೆಯುವಾಗ ಸ್ಫೋಟವಾಗಿ ಆರ್ಟಿಲಿಯೋ ನಾಶವಾಯಿತು, ಅದರ ಮುಖ್ಯ ಮುಳುಗುಗಾರರೂ ಸತ್ತರು. ಕಂಪನಿ ಬಿಡಲಿಲ್ಲ. ಇನ್ನೊಂದು ಹಡಗು ತಂದರು, ಕಬ್ಬಿಣದ ಗೂಡಿನಲ್ಲಿ ಒಬ್ಬನನ್ನು ಕೂರಿಸಿ ಕೆಳಗಿಳಿಸಿದರು. ಅವನು ಕಿಟಕಿಯಿಂದ ನೋಡಿ ಫೋನಿನಲ್ಲಿ ಹೇಳಿದಂತೆ ಮೇಲಿನವರು ಉಕ್ಕಿನ ಕೊಂಡಿ ಆಡಿಸಿದರು. 1932ರ ಜೂನ್‌ನಲ್ಲಿ ಚಿನ್ನ ಮೇಲೆ ಬಂತು. ಅದೇ ಕೊಂಡಿಗೆ ಸಿಕ್ಕು, ಹತ್ತು ವರ್ಷ ಉಪ್ಪುನೀರಿನಲ್ಲಿ ನೆನೆದ ನಮ್ಮ ಹಾಲಿ ನೋಟುಗಳೂ ಬಂದವು! ಕಾಗದ ಕರಗಿರಲಿಲ್ಲ, ಅಚ್ಚು ಅಳಿಸಿರಲಿಲ್ಲ. ಆ ನೋಟುಗಳಲ್ಲಿ ಕೆಲವು ಇಂದಿಗೂ ಸಂಗ್ರಾಹಕರ ಬಳಿ ಇವೆ.

ವಾಣಿಜ್ಯದ ಮಕ್ಕಳೇ, ಇಲ್ಲಿ ಒಂದು ಲೆಕ್ಕ ಯೋಚಿಸಿ. ಚಿನ್ನ ಮುಳುಗಿದಾಗ ಹತ್ತು ಲಕ್ಷ ಪೌಂಡ್ ನಿಜವಾಗಿಯೂ ಮುಳುಗಿತು, ಅದಕ್ಕಾಗಿ ಜನ ಪ್ರಾಣ ಕೊಟ್ಟರು. ನೋಟು ಮುಳುಗಿದಾಗ ಮುಳುಗಿದ್ದು ಕಾಗದ ಮತ್ತು ಅಚ್ಚಿನ ಕೂಲಿ. ಖಜಾನೆಯಿಂದ ಹೊರಬಿದ್ದು ಒಬ್ಬರ ಕೈ ಸೇರುವ ತನಕ ಅದು ಹಣವಲ್ಲ. ಇದರ ತಿರುವುಮುರುವು ಕಥೆಯೂ ಅದೇ ವಾಟರ್ಲೋ ಅವರಿಗೆ ಸಂಬಂಧಿಸಿದ್ದು. 1925ರಲ್ಲಿ ಆಲ್ವೆಸ್ ದೋಸ್ ರೇಯಿಸ್ ಎಂಬ ಪೋರ್ಚುಗಲ್ಲಿನ ವಂಚಕ ಖೋಟಾ ನೋಟು ಮಾಡಲಿಲ್ಲ, ಖೋಟಾ ಪತ್ರ ಮಾಡಿದ. ಪೋರ್ಚುಗಲ್ ಬ್ಯಾಂಕಿನ ಆದೇಶ ಎಂದು ನಂಬಿದ ಮುದ್ರಣಾಲಯ 500 ಎಸ್ಕುಡೋ ನೋಟುಗಳನ್ನು ಲಕ್ಷಗಟ್ಟಲೆ ಅಚ್ಚು ಹಾಕಿ ಅವನ ಕಡೆಯವರಿಗೇ ಕೊಟ್ಟಿತು. ಕಾಗದ ಅಸಲಿ, ಮಸಿ ಅಸಲಿ, ಮುದ್ರಣಾಲಯ ಅಸಲಿ. ಮಾತು ಮಾತ್ರ ಸುಳ್ಳು. ಕೊನೆಗೆ ಇಂಗ್ಲೆಂಡಿನ ನ್ಯಾಯಾಲಯ 1932ರಲ್ಲಿ ವಾಟರ್ಲೋ ಅವರು 6 ಲಕ್ಷ ಪೌಂಡಿಗೂ ಹೆಚ್ಚು ಪರಿಹಾರ ಕೊಡಬೇಕೆಂದು ತೀರ್ಪಿತ್ತಿತು.

ಇನ್ನು ಹಾಲಿ ನೋಟಿನ ಅಕ್ಷರಗಳಿಗೆ ಬರುತ್ತೇನೆ. ನಾನು ಈ ವಿಷಯ ಒಪ್ಪಿಕೊಂಡದ್ದೇ ಇದಕ್ಕಾಗಿ. ಬ್ಯಾಂಕ್ ಆಫ್ ಇಂಗ್ಲೆಂಡಿನ ನೋಟು ಇಂಗ್ಲಿಷಿನಲ್ಲಿ ಮಾತ್ರ. ವೇಲ್ಸ್ ಪ್ರಾಂತ್ಯದವರಿಗೆ ತಮ್ಮದೇ ವೆಲ್ಷ್ ಭಾಷೆ ಇದೆ, ಆ ನೋಟು ಅಲ್ಲಿಯೂ ನಡೆಯುತ್ತದೆ, ಆದರೆ ಅದರ ಮೇಲೆ ಒಂದು ವೆಲ್ಷ್ ಶಬ್ದವೂ ಇಲ್ಲ. ಅದೇ ಲಂಡನ್ನಿನಲ್ಲಿ ಅಚ್ಚಾದ ಹೈದರಾಬಾದಿನ ನೋಟಿನ ಮೇಲೆ ಉರ್ದು ಇತ್ತು, ಅದರೊಂದಿಗೆ ಮೊತ್ತ ಇಂಗ್ಲಿಷ್, ತೆಲುಗು, ಮರಾಠಿ ಮತ್ತು ನಮ್ಮ ಕನ್ನಡದಲ್ಲೂ ಇತ್ತು. ಸಂಸ್ಥಾನದ ಪ್ರಜೆಗಳಲ್ಲಿ ಸುಮಾರು ಅರ್ಧದಷ್ಟು ಜನ ತೆಲುಗಿನವರು, ಕಾಲು ಭಾಗ ಮರಾಠಿಯವರು. ಕನ್ನಡದವರು ಹತ್ತಕ್ಕೆ ಒಬ್ಬರಿಗಿಂತ ತುಸು ಹೆಚ್ಚು. ಆದರೂ ಕನ್ನಡ ಬಿಟ್ಟುಹೋಗಲಿಲ್ಲ.

ಹಾಗೆಂದು ನಾನು ಬರೀ ಹೊಗಳಿ ಮುಂದೆ ಹೋಗುವುದಿಲ್ಲ. ನೋಟು ಹೊರಟ 1918ರಲ್ಲಿಯೇ ಉಸ್ಮಾನಿಯಾ ವಿಶ್ವವಿದ್ಯಾಲಯವೂ ಸ್ಥಾಪನೆಯಾಯಿತು. ವೈದ್ಯಕೀಯ, ಇಂಜಿನಿಯರಿಂಗ್ ಎಲ್ಲವನ್ನೂ ಉರ್ದುವಿನಲ್ಲಿ ಕಲಿಸಬಹುದೆಂದು ತೋರಿಸಿದ ಆ ಸಂಸ್ಥೆಯ ಬಗ್ಗೆ ಉರ್ದು ಶಿಕ್ಷಕನಾಗಿ ನನಗೆ ಅಭಿಮಾನವಿದೆ. ಆದರೆ ಅದೇ ಸಂಸ್ಥಾನದಲ್ಲಿ ಕನ್ನಡದ ಹುಡುಗ ಮೇಲಿನ ತರಗತಿಗೆ ಹೋದಂತೆ ತನ್ನ ಭಾಷೆ ಬಿಟ್ಟು ಉರ್ದುವಿನಲ್ಲೇ ಓದಬೇಕಿತ್ತು. ಖಜಾನೆಯವರಿಗೆ ತಿಳಿದದ್ದು ಶಿಕ್ಷಣ ಇಲಾಖೆಗೆ ತಿಳಿಯಲಿಲ್ಲ ಎಂದೇ ನನ್ನ ಅಭಿಪ್ರಾಯ. ಹಣ ನಡೆಯಬೇಕಾದರೆ ಜನರ ಭಾಷೆ ಬೇಕು ಎಂದು ಖಜಾನೆಗೆ ಗೊತ್ತಿತ್ತು. ಪರಿಣಾಮ? ನೋಟಿನ ಮೇಲೆ ಕನ್ನಡ ಇತ್ತು, ಓದುವವರೇ ಇರಲಿಲ್ಲ. 1941ರ ಜನಗಣತಿಯ ಕಾಲಕ್ಕೂ ಸಂಸ್ಥಾನದಲ್ಲಿ ನೂರಕ್ಕೆ ಹತ್ತು ಜನರಿಗೂ ಓದು ಬರುತ್ತಿರಲಿಲ್ಲ.

ನಮ್ಮ ನಾನಿ ಅಂಥವರಲ್ಲಿ ಒಬ್ಬರು. ನೋಟನ್ನು ಬಣ್ಣದಿಂದ, ಅಳತೆಯಿಂದ ಗುರುತು ಹಿಡಿಯುತ್ತಿದ್ದರು. ಸೆರಗಿನ ಗಂಟು ಬಿಚ್ಚಿ, ಬೆರಳಿನಿಂದ ಉಜ್ಜಿ, "ಯೇ ದಸ್ ಕಾ" ಎನ್ನುತ್ತಿದ್ದರಂತೆ. ಆದರೆ ಹಾಲಿ-ಕಲ್ದಾರಿನ ಲೆಕ್ಕ ಬೆರಳಿಗೆ ಸಿಗುವಂಥದಲ್ಲ. ಕೊನೆಯ ವರ್ಷಗಳ ದರ 7 ಹಾಲಿಗೆ 6 ಕಲ್ದಾರ್. ನೂರು ಕಲ್ದಾರ್ ರೂಪಾಯಿಗೆ 116 ರೂಪಾಯಿ 10 ಆಣೆ 8 ಪೈ ಹಾಲಿ. ತಾಳಿಕೋಟಿಯಲ್ಲಿ ಜೋಳ ಮಾರಿ 60 ಕಲ್ದಾರ್ ತಂದ ರೈತನಿಗೆ ಹುಣಸಗಿಯಲ್ಲಿ 70 ಹಾಲಿ ಸಿಗಬೇಕು. ಲೆಕ್ಕ ಬಾರದವನಿಗೆ 66 ಕೊಟ್ಟರೂ "ಆರು ಹೆಚ್ಚೇ ಬಂತಲ್ಲ" ಎಂದು ಸಲಾಂ ಮಾಡಿ ಹೋಗುತ್ತಿದ್ದ. ಹೋದದ್ದು ನಾಲ್ಕು ರೂಪಾಯಿ ಎಂದು ಅವನಿಗೆ ಹೇಳುವವರು ಯಾರು? ಗಣಿತದಲ್ಲಿ ಅನುಪಾತದ ಪಾಠ ಯಾಕೆ ಬೇಕು ಸರ್ ಎಂದು ಕೇಳುವ ಮಕ್ಕಳಿಗೆ ನಾನು ಈ ಲೆಕ್ಕವನ್ನೇ ಬೋರ್ಡಿನ ಮೇಲೆ ಬರೆಯುತ್ತೇನೆ.

1948ರಲ್ಲಿ ಹೈದರಾಬಾದ್ ಭಾರತದಲ್ಲಿ ಸೇರಿದ ಮೇಲೂ ಹಾಲಿ ಒಮ್ಮೆಲೇ ನಿಲ್ಲಲಿಲ್ಲ. 1950ರಿಂದ ಭಾರತದ ರೂಪಾಯಿ ಅದರ ಜೊತೆಜೊತೆಗೆ ನಡೆಯಿತು. 1956ರ ನವೆಂಬರ್ 1ರಂದು ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. 1957ರ ಏಪ್ರಿಲ್ 1ರಿಂದ ಆಣೆ ಹೋಗಿ ನಯಾಪೈಸೆ ಬಂತು. ಹಾಲಿಯ ಆಣೆ, ಕಲ್ದಾರಿನ ಆಣೆ, ಅದರ ಮೇಲೆ ರೂಪಾಯಿಗೆ ನೂರು ಪೈಸೆ. ಹತ್ತು ವರ್ಷದೊಳಗೆ ಒಬ್ಬ ಮುದುಕಿಗೆ ಮೂರು ಲೆಕ್ಕ! 1959ಕ್ಕೆ ಹಾಲಿ ಪೂರ್ತಿ ರದ್ದಾಯಿತು. ನಮ್ಮ ನಾನಿಯ ಟ್ರಂಕಿನ ತಳದಲ್ಲಿ ಕೆಲವು ನೋಟು ಹಾಗೆಯೇ ಉಳಿದವು. ಬದಲಾಯಿಸಿಕೊಳ್ಳಲು ಕೊನೆಯ ದಿನ ಇದೆ ಎಂದು ಯಾವುದೋ ಕಾಗದದಲ್ಲಿ ಬಂದಿರಬೇಕು. ಮನೆಯಲ್ಲಿ ಓದುವವರಿರಲಿಲ್ಲ. ಮಕ್ಕಳು ಅವುಗಳಿಂದ ಅಂಗಡಿ ಆಟ ಆಡಿ ಹರಿದು ಹಾಕಿದರು.

ಹಾಲಿ ನೋಟಿನ ವ್ಯವಹಾರ ನೋಡಿಕೊಳ್ಳಲು 1942ರಲ್ಲಿ ಕೆಲಸ ಆರಂಭಿಸಿದ ಹೈದರಾಬಾದ್ ಸ್ಟೇಟ್ ಬ್ಯಾಂಕೇ ಮುಂದೆ ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದ್ ಆಯಿತು. ನಿಮ್ಮ ಮನೆಯಲ್ಲಿ ಅದರ ಹಳೆಯ ಪಾಸ್‌ಬುಕ್ ಇದ್ದರೂ ಇರಬಹುದು. 2017ರ ಏಪ್ರಿಲ್ 1ರಂದು ಅದು ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದಲ್ಲಿ ವಿಲೀನವಾಯಿತು. ಈಗ ನೋಟು ಲಂಡನ್ನಿನಿಂದ ಬರಬೇಕಿಲ್ಲ. ರಿಸರ್ವ್ ಬ್ಯಾಂಕಿನ ನೋಟು ಮುದ್ರಣಾಲಯ ನಮ್ಮ ಮೈಸೂರಿನಲ್ಲೇ 1990ರ ದಶಕದಿಂದ ಇದೆ.

ಯಾರ ಜೇಬಿನಲ್ಲಾದರೂ ನೂರು ರೂಪಾಯಿ ಇದ್ದರೆ ದಯವಿಟ್ಟು ಹೊರತೆಗೆಯಿರಿ. ಹೆದರಬೇಡಿ, ಚಂದಾ ಕೇಳುವುದಿಲ್ಲ. ಮುಂಬದಿಯಲ್ಲಿ ತ್ರಿಕೋನದ ಗುರುತು ಬೆರಳಿಗೆ ಉಬ್ಬಾಗಿ ಸಿಗುತ್ತದೆ; ಐನೂರರ ನೋಟಿನಲ್ಲಿ ಅದು ವೃತ್ತ. ಕಣ್ಣು ಕಾಣದವರು ಓದಲೆಂದು ಇಟ್ಟದ್ದು. ಹಿಂಬದಿಗೆ ತಿರುಗಿಸಿ. ಒಂದು ಅಂಚಿನಲ್ಲಿ 15 ಸಾಲುಗಳಿವೆ, 15 ಭಾಷೆ. ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿ ಜೋಡಿಸಿದ್ದಾರೆ: ಅಸ್ಸಾಮಿ ಮೊದಲು, ಕನ್ನಡ ನಾಲ್ಕನೆಯದು, ಉರ್ದು ಕಟ್ಟಕಡೆಯದು. ಮುಂಬದಿಯ ಹಿಂದಿ ಮತ್ತು ಇಂಗ್ಲಿಷ್ ಸೇರಿದರೆ 17. ಮುಂಬದಿಯ ಆ ಹಿಂದಿ ವಾಕ್ಯವನ್ನು ಒಮ್ಮೆ ಗಟ್ಟಿಯಾಗಿ ಓದಿ. "ಅದಾ ಕರನೇ ಕಾ ವಚನ ದೇತಾ ಹೂಂ" ಎಂದಿದೆ. 'ಅದಾ' ನಾವು ನಮಾಜನ್ನು ಅದಾ ಮಾಡುತ್ತೇವಲ್ಲ, ಆ ಅದಾ; ಸಲ್ಲಬೇಕಾದ್ದನ್ನು ಸಲ್ಲಿಸುವುದು. 'ವಚನ' ಬಸವಣ್ಣನವರ ವಚನದ ವಚನ. ಎರಡನ್ನೂ ಬೇರ್ಪಡಿಸಿದರೆ ಆ ವಾಕ್ಯ ನಿಲ್ಲುವುದಿಲ್ಲ, ನೋಟೂ ನಿಲ್ಲುವುದಿಲ್ಲ. ಕನ್ನಡದ ಲೆಕ್ಕದ ಪುಸ್ತಕವೂ ಹಾಗೆಯೇ. ಜಮಾ, ಖರ್ಚು, ಬಾಕಿ, ವಸೂಲಿ, ರಸೀದಿ, ಜಾಮೀನು, ಖಜಾನೆ ಇವನ್ನೆಲ್ಲ ತೆಗೆದುಹಾಕಿದರೆ ಅಂಗಡಿ ಮುಚ್ಚಬೇಕಾದೀತು.

ಉರ್ದು ಮಾಧ್ಯಮದ ಮಕ್ಕಳು ನನ್ನ ಬಳಿ ಬಂದು, ಕನ್ನಡ ಪತ್ರಿಕೆ ಬಹಳ ಕಷ್ಟ ಸರ್, ಪಾಸಾಗುವಷ್ಟು ಕಲಿತರೆ ಸಾಕಲ್ಲ ಎನ್ನುತ್ತಾರೆ. ಕನ್ನಡ ಮಾಧ್ಯಮದಲ್ಲಿ ಓದುವ ನಮ್ಮವರ ಮಕ್ಕಳು, ಉರ್ದು ಬರೆಯಲು ಬರುವುದಿಲ್ಲ, ಮನೆಯಲ್ಲಿ ಮಾತಾಡುತ್ತೇವಲ್ಲ ಎನ್ನುತ್ತಾರೆ. ಇಬ್ಬರಿಗೂ ಈ ವರ್ಷ ಒಂದು ಮನೆಗೆಲಸ ಕೊಡುತ್ತಿದ್ದೇನೆ. ಹತ್ತು, ಇಪ್ಪತ್ತು, ಐವತ್ತು, ನೂರು, ಯಾವುದಾದರೂ ನೋಟು ತೆಗೆದುಕೊಂಡು ನಾಲ್ಕನೆಯ ಸಾಲನ್ನೂ ಹದಿನೈದನೆಯ ಸಾಲನ್ನೂ ಪುಸ್ತಕದಲ್ಲಿ ನೋಡಿ ಬರೆದು, ಮನೆಯಲ್ಲಿ ಓದು ಬಾರದ ಹಿರಿಯರಿದ್ದರೆ ಅವರಿಗೆ ಬೆರಳಿಟ್ಟು ಓದಿ ತೋರಿಸಬೇಕು. ಅವರಿಂದ ಹಾಲಿಯ ನೆನಪು, ತಾಳಿಕೋಟಿ ಸಂತೆಯ ನೆನಪು ಕೇಳಿ ಬರೆದುಕೊಂಡು ಬರಬೇಕು. ಯಾರ ಮನೆಯಲ್ಲಾದರೂ ಹಾಲಿ ನೋಟು ಇದ್ದರೆ ಶಾಲೆಗೆ ತರಬೇಡಿ, ಕಳೆದುಹೋದೀತು. ನನಗೆ ತಿಳಿಸಿ, ನಾನೇ ಮನೆಗೆ ಬಂದು ನೋಡುತ್ತೇನೆ.